ಐದು ಮಿಲಿ

"ಖರೇ ಹೇಳು ಬೇಟಾ, ಈ ತಪ್ಪು ನಿನ್ನ ಕೈಲೇ ಆಗ್ಯದಲ್ಲ?" ಅಬ್ದುಲ ಸಮದರು ಕೇಳಿದರು.

ಜಾಸ್ಮಿನ ತಲೆ ಎತ್ತಲಿಲ್ಲ. ಗಾಂಧಿ ಗಂಜ್ ಪೇಟೆಯ ಅಂಗಡಿಗಳ ಮೇಲಿನ ಆ ಪುಟ್ಟ ಆಫೀಸಿನಲ್ಲಿ ಸರ್ಕ್ಯೂಟ್ ಬೋರ್ಡಿನ ವಿನ್ಯಾಸ ಮಾಡುವವರು ಇಬ್ಬರೇ, ಅವಳು ಮತ್ತು ಅವಳಿಗೆ ಕೆಲಸ ಕಲಿಸಿದ ಶಿವಕಾಂತ. ಸಮದರು ಮಾಲೀಕರು.

ಮೇಜಿನ ಮೇಲಿದ್ದ ಬೋರ್ಡು ಹಸುಗೂಸುಗಳ ಎದೆಬಡಿತ ತೋರಿಸುವ ಯಂತ್ರದ್ದು. ಪರೀಕ್ಷೆಗೆ ಇಟ್ಟಾಗ ಪರದೆಯ ಚಿತ್ರ ನಡುನಡುವೆ ಕಡಿದುಹೋಗುತ್ತಿತ್ತು. ಪುಣ್ಯಕ್ಕೆ ಯಾವ ಕೂಸಿಗೂ ಇನ್ನೂ ಜೋಡಿಸಿರಲಿಲ್ಲ. ಸಂಕೇತ ಒಯ್ಯುವ ಜೋಡಿ ತಾಮ್ರದ ಗೆರೆಗಳು ಒಂದೇ ಉದ್ದ ಇರಬೇಕು. ಒಂದು ಹಿಂದೆ ಬಿದ್ದರೆ ಎರಡೂ ಕೆಟ್ಟ ಹಾಗೆ. ಎಷ್ಟು ಹೆಚ್ಚುಕಮ್ಮಿ ನಡೆಯುತ್ತದೆ ಎಂಬ ನಿಯಮವನ್ನು ಮೊದಲೇ ಕಂಪ್ಯೂಟರಿಗೆ ಕೊಟ್ಟಿದ್ದರೆ, ಮೀರಿದ ಗೆರೆಯನ್ನು ಅದು ಕೆಂಪಾಗಿ ತೋರಿಸುತ್ತದೆ. ಜಾಸ್ಮಿನಳಿಗೆ ಅದು ಒಂದು ಗೆರೆಯನ್ನೂ ಕೆಂಪಾಗಿ ತೋರಿಸಿರಲಿಲ್ಲ. ಐದು ಮಿಲ್ ಇರಬೇಕಾದಲ್ಲಿ ಅವಳು ಐದು ಮಿಲಿಮೀಟರು ಕೊಟ್ಟಿದ್ದಳು. ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಒಂದು ಮಿಲಿಮೀಟರಿನಲ್ಲಿ ಅಂಥವು ಸುಮಾರು ನಲವತ್ತು ಹಿಡಿಸುತ್ತವೆ.

"ನಾಳಿಂದ ಬರಬ್ಯಾಡ ಅನ್ನೂದು ನನಗೂ ಛಂದ ಅನಸೂದಿಲ್ಲ," ಎಂದರು ಸಮದರು. "ಶಿವಕಾಂತ, ನೀವು ಈಕಿಗೆ ಬರೋಬರ ಹೇಳಿದ್ರಿಲ್ಲೋ?"

"ಹೇಳೀನ್ರಿ ಸಾಹೇಬ್ರ. ಭಾಲ್ಕಿ ಬಸ್ಸಿನಾಗ ಕುಂತೇ ಫೋನ್ ಮಾಡಿ ಹೇಳೀನಿ. ಐದ ಮಿಲಿ ಇಡು ಅಂತ..."

ಶಿವಕಾಂತನ ಮಾತು ಅವನ ಕಿವಿಗೇ ಬಿತ್ತು. ಊರಿನ ನಾಲಗೆ ಅವನದು. ಮನೆ ಮನಿಯಾಗುತ್ತದೆ, ಶಾಲೆ ಸಾಲಿಯಾಗುತ್ತದೆ, ಮಿಲ್ಲಿನ ಕೊನೆಗೂ ಇಕಾರ ಹತ್ತಿ ಮಿಲಿಯಾಗಿತ್ತು, ಜಾಸ್ಮಿನಳ ಕಿವಿಗೆ ಅದು ಮಿಲಿಮೀಟರು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಎಲ್ಲಿ ಹೋಗಿತ್ತು? ಬೋರ್ಡಿನ ತಾಮ್ರದಲ್ಲಿ ಹಾಗೇ ಕೂತಿತ್ತು.

ಸಮದರಿಗೆ ಗೊತ್ತಾಗಲಿಲ್ಲ. ಸುಮ್ಮನಿದ್ದರೆ ನಡೆದುಹೋಗುತ್ತಿತ್ತು, ಸುಮ್ಮನಿರಬೇಕೆಂದು ಅವನಿಗೆ ಅನಿಸಿದ್ದೂ ನಿಜ. ಆದರೆ ಜಾಸ್ಮಿನ ಈಗ ತಲೆ ಎತ್ತಿ ಅವನನ್ನೇ ನೋಡುತ್ತಿದ್ದಳು.

"ಸಾಹೇಬ್ರ, ಆಕಿ ನಾ ಹೇಳಿದಂಗೇ ಮಾಡ್ಯಾಳ್ರಿ. ಮಿಲಿ ಅಂದಾಂವ ನಾನೇ."

ಸಮದರು ಬೋರ್ಡನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಮಷೀನ್ ಮಾಡಸ್ದವ್ರಿಗೆ ಏನ್ ಹೇಳ್ಲಿ?"

"ನನ್ನ ಹೆಸರ ಹೇಳ್ರಿ."

"ನೀ ಕುಂದ್ರು ಬೇಟಾ, ಕೆಲಸ ನೋಡು," ಎಂದು ಜಾಸ್ಮಿನಳಿಗೆ ಹೇಳಿ ಸಮದರು ಫೋನ್ ಹಿಡಿದು ಹೊರಗೆ ಹೋದರು.

ಶಿವಕಾಂತ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಹಳೆಯ ನಿಯಮ ಅಳಿಸಿ ಅವಳು ಕಾದಳು. ಅವನು ನಾಲಗೆಯನ್ನು ಹಲ್ಲಿನ ಹಿಂದೆ ಒತ್ತಿ ಹಿಡಿದು, ಕೊನೆಗೆ ಇಕಾರ ನುಸುಳದ ಹಾಗೆ, ಮೆಲ್ಲಗೆ ಹೇಳಿದ.

"ಐದು ಮಿಲ್."

ಜಾಸ್ಮಿನಳ ಬೆರಳುಗಳು ಕೀಲಿಗಳ ಮೇಲೇ ನಿಂತಿದ್ದವು.

"ಇನ್ನೊಮ್ಮಿ ಹೇಳ್ರಿ, ಸರ್."