ಶನಿ ಕಾಣಲಿಲ್ಲ ಎಂದವರ ಕಾಲಂ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ನಕ್ಷತ್ರಗಳಿಂದ ಮಾಡಬಾರದು ಎಂಬುದೊಂದು ಗೊತ್ತು. ಮೊದಲ ಡ್ರಾಫ್ಟಿನಲ್ಲಿ ‘ಅನಂತ ಆಕಾಶದ ಕೆಳಗೆ’ ಎಂದು ಬರೆದಿದ್ದೆ. ಸಂಘಮಿತ್ರಾ ಓದಿ, “ಅನಂತ ಅಂತ ಅಳದು ನೋಡೀರೇನ್ರಿ?” ಎಂದಳು. ಹೊಡೆದು ಹಾಕಿದೆ.

(ಸಂಘಮಿತ್ರಾ ಈ ಕಥೆಯ ನಾಯಕಿ. ಜೇವರ್ಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ಊರವರ ಬಾಯಲ್ಲಿ ಅಕ್ಕೋರು. ಪಾತ್ರಗಳಿಗೆ ಡ್ರಾಫ್ಟ್ ತೋರಿಸುವ ಕೆಟ್ಟ ಚಟ ನನಗಿದೆ.)

೨

ಎರಡನೆಯ ಡ್ರಾಫ್ಟ್ ಬ್ಯಾಡ್ಜಿನಿಂದ ಶುರುವಾಗುತ್ತಿತ್ತು. ಅದೇ ಇರಲಿ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ಮೂವತ್ತು ಮಂದಿ ಸೇರಿ ಮಾಡಿಕೊಂಡ ಒಂದು ಖಗೋಳ ಬಳಗವಿದೆ. ಕಾರ್ಯದರ್ಶಿ ಗೌಸಮೊಹಿದ್ದೀನ ಆಳಂದದಲ್ಲಿ ಕೈಗಡಿಯಾರ ರಿಪೇರಿ ಮಾಡುತ್ತಾರೆ. ಸೆಕೆಂಡಿನ ವಿಷಯದಲ್ಲಿ ಯಾರನ್ನೂ ನಂಬುವುದಿಲ್ಲ. ಆಕಾಶ ನೋಡಿ ಟಿಪ್ಪಣಿ ಇಟ್ಟವರಿಗೆ ಹಿತ್ತಾಳೆಯ ಬ್ಯಾಡ್ಜು ಕೊಡುವವರು ಅವರೇ. ಚಂದ್ರನ ಮೇಲಿನ ನೂರು ಗುರುತು ಹುಡುಕಿದವರಿಗೊಂದು, ನಕ್ಷತ್ರಪುಂಜಗಳ ಪಟ್ಟಿ ಮುಗಿಸಿದವರಿಗೊಂದು. ಇವೆರಡೂ ಸಂಘಮಿತ್ರಾಳ ಕಪಾಟಿನಲ್ಲಿವೆ. ಕೊನೆಯದು ಇನ್ನೂ ಯಾರಿಗೂ ಸಿಕ್ಕಿಲ್ಲ. ಅದಕ್ಕೆ ನೂರು ಜನಕ್ಕೆ ಶನಿ ಗ್ರಹ ತೋರಿಸಬೇಕು. ಏನು ಕಂಡಿತೆಂದು ಪ್ರತಿಯೊಬ್ಬರೂ ಸ್ವಂತ ಮಾತಿನಲ್ಲಿ ಹೇಳಬೇಕು. ಅದನ್ನು ಹಾಗೆಯೇ ರಿಜಿಸ್ಟರಿನಲ್ಲಿ ಬರೆಯಬೇಕು.

ಅವಳ ರಿಜಿಸ್ಟರಿನಲ್ಲಿ ನೂರಾ ಹನ್ನೆರಡು ಹೆಸರುಗಳಿವೆ. ಬರುವ ಭಾನುವಾರ ಅಫಜಲಪುರದಲ್ಲಿ ಸಭೆ. ಇಲ್ಲಿಗೇ ನಿಲ್ಲಿಸಬಹುದಿತ್ತು. ಸಂತೋಷದ ಕಥೆಗಳನ್ನು ಬೇಗ ಮುಗಿಸುವುದು ಕ್ಷೇಮ.

೪

(ಮೂರನೆಯ ಭಾಗದಲ್ಲಿ ಅವಳ ಬಾಲ್ಯವಿತ್ತು. “ಅದಕ್ಕೂ ಶನಿಗೂ ಏನ್ರಿ ಸಂಬಂಧ?” ಎಂದು ಅವಳೇ ತೆಗೆಸಿದಳು.)

ಸಭೆಗೆ ಕೊಡಲು ಶುದ್ಧ ಪ್ರತಿ ಮಾಡುತ್ತ ಕೂತಾಗ ಅವಳು ‘ಸ್ವಂತ ಮಾತು’ ಎಂಬ ಕಾಲಮನ್ನು ಮೇಲಿನಿಂದ ಕೆಳಕ್ಕೆ ಓದಿದಳು. ಅಡ್ಡಡ್ಡ ಓದುವವರಿಗೆ ಇದು ಗೊತ್ತಾಗುತ್ತಿರಲಿಲ್ಲ. ಈ ವರ್ಷ ಶನಿಯ ಬಳೆ ನಮಗೆ ಅಂಚಿನಿಂದ ಕಾಣುತ್ತದೆ: ದುಂಡಗಿನದೊಂದು ಚುಕ್ಕೆ, ನಡುವೆ ಹಾದುಹೋದ ತೆಳ್ಳನೆಯ ಗೆರೆ. ಮೊದಲ ಎಪ್ಪತ್ತೊಂದು ಜನರಲ್ಲಿ ಇಬ್ಬರ ಮಾತು ಒಂದೇ ಇರಲಿಲ್ಲ. ‘ಬುಂದಿಗಿ ಕಡ್ಡಿ ಚುಚ್ಚಿದಂಗ.’ ‘ಪುಸ್ತಕದಾಗಿನ ಚಿತ್ರ ದೊಡ್ಡದಿತ್ತು, ಇದು ಮೋಸ.’ ಎಪ್ಪತ್ತೊಂದನೆಯವನು ಇಜೇರಿಯ ಪಂಚಾಯಿತಿ ಸದಸ್ಯ ಮಲ್ಲಣ್ಣ: ‘ಇಷ್ಟ ಸಣ್ಣದೇನ್ರಿ? ಇಷ್ಟಿದ್ದು ಅಷ್ಟು ಅಂಜಸ್ತದಾ?’

ಆಮೇಲಿನ ನಲವತ್ತೊಂದು ಜನರೂ ಇಜೇರಿಯವರೇ. ಇಪ್ಪತ್ತಾರು ಮಂದಿ ‘ಚಂದ ಅದ’. ಹನ್ನೊಂದು ಮಂದಿ ‘ಛಲೋ ಅದ’. ನಾಲ್ವರು ಬರೀ ಕೈ ಮುಗಿದಿದ್ದರು.

ಅವಳಿಗೆ ಆ ಸಂಜೆ ನೆನಪಾಯಿತು. ಮಲ್ಲಣ್ಣ ನೋಡಿ ಮುಗಿಸಿದವನೇ ಅವಳನ್ನು ಕರೆದೊಯ್ದು ರಿಜಿಸ್ಟರಿನ ಟೇಬಲ್ಲಿಗೆ ಕುರ್ಚಿಯಲ್ಲಿ ಕೂಡಿಸಿ, ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು, ಭಾಷಣ ಶುರು ಮಾಡಿದ್ದ. “ಲೈನು ತಾನೇ ನಡೀತದ, ನೀವು ಕುಂದರ್ರಿ ಅಕ್ಕೋರ.” ಒಬ್ಬೊಬ್ಬರೇ ದುರ್ಬೀನಿಗೆ ಕಣ್ಣಿಟ್ಟು, ಟೇಬಲ್ಲಿಗೆ ಬಂದು, ಹೆಸರು ಬರೆಸಿ ಹೋಗಿದ್ದರು. ಭೂಮಿ ತಿರುಗುವುದರಿಂದ ದುರ್ಬೀನಿನೊಳಗಿನ ಗ್ರಹ ಎರಡು ನಿಮಿಷದಲ್ಲಿ ಜಾರಿಹೋಗುತ್ತದೆ, ಆಗಾಗ ಸರಿಸುತ್ತಿರಬೇಕು ಎಂದು ಒಂಬತ್ತನೆಯ ತರಗತಿಗೆ ಪಾಠ ಮಾಡುವವಳು ಅವಳೇ. ಭೂಮಿ ಸನ್ಮಾನಕ್ಕೆಂದು ನಿಲ್ಲುವುದಿಲ್ಲ.

ಮಲ್ಲಣ್ಣನಿಗೆ ಫೋನು ಮಾಡಿದಳು.

“ನಾ ಟೇಬಲ್ಲಿಗಿ ಕುಂತ ಮ್ಯಾಲ ದುರ್ಬೀನು ಯಾರರೆ ಸರಿಸಿದ್ರೇನ್ರಿ?”

“ಛೇ ಛೇ! ಯಾರಿಗೂ ಮುಟ್ಟಗೊಡಲಿಲ್ರಿ ಅಕ್ಕೋರ. ಕಲ್ಲಿನಂಗ ನಿಂದ್ರಿಸಿದ್ದೆ.”

“ಏನೂ ಕಾಣಾಕತ್ತಿಲ್ಲ ಅಂತ ಯಾರೂ ಅನ್ನಲಿಲ್ಲಾ?”

“ಶಾಲು ಹೊಚ್ಚಿ ಕುಂದ್ರಿಸಿದ ಅಕ್ಕೋರಿಗಿ ಹಂಗ ಹ್ಯಾಂಗ ಹೇಳ್ತಾರ್ರಿ? ಒಬ್ಬಾಕಿ ಸಾಬವ್ವ ಅಂದಳಲ್ಲ. ಪಾಪ, ಈಗ ಕೌದಿ ಹೊಲಿಯೋದೂ ಬಿಟ್ಟಾಳ್ರಿ. ಕಣ್ಣು ಹೋಗ್ಯಾವ ಅಂತ ಅಕ್ಕೋರೇ ಅಂದಾರಂತ.”

೫

ಸಾಬವ್ವ. ರಿಜಿಸ್ಟರಿನಲ್ಲಿ ಈ ಹೆಸರಿಲ್ಲ.

ಎಪ್ಪತ್ತರ ಮುದುಕಿ ಟೇಬಲ್ಲಿನ ಮುಂದೆ ನಿಂತು, “ಅದರಾಗ ಏನೂ ಇಲ್ಲ ಬೇ, ಕರ್ರಗ ಅದ” ಎಂದಿದ್ದಳು. “ಆಯಿ, ಮೋತಿಬಿಂದಿನ ಪೊರಿ ಬಂದಿರಬೇಕು, ಕಣ್ಣು ತೋರಿಸ್ಕೋರಿ” ಎಂದು ಸಂಘಮಿತ್ರಾ ಹೇಳಿದಾಗ ಲೈನಿನಲ್ಲಿದ್ದವರು ನಕ್ಕಿದ್ದರು. ಸಂಘಮಿತ್ರಾಳೂ ನಕ್ಕಿದ್ದಳು. ಈ ಕೊನೆಯ ವಾಕ್ಯವನ್ನು ತೆಗೆಯುತ್ತೇನೆಂದು ನಾನೇ ಹೇಳಿದೆ. ಅವಳು ಬೇಡವೆಂದಳು.

೬

ಈ ಜಾತಿಯ ಕಥೆಗಳಲ್ಲಿ ಓದುಗರಿಗೆ ಎರಡು ಮೂರು ಅಂತ್ಯ ಕೊಡುವ ರೂಢಿಯಿದೆ.

ಒಂದು: ಅವಳು ರಿಜಿಸ್ಟರನ್ನು ಹಾಗೆಯೇ ಕೊಡುತ್ತಾಳೆ. ಹಿತ್ತಾಳೆ ಹೊಳೆಯುತ್ತದೆ.

ಇನ್ನೊಂದು: ನಲವತ್ತೊಂದು ಹೆಸರಿಗೂ ಕೆಂಪು ಗೆರೆ ಎಳೆದು ಸಭೆಯಲ್ಲಿ ತಪ್ಪೊಪ್ಪಿಕೊಳ್ಳುತ್ತಾಳೆ. ಅವಳ ಪ್ರಾಮಾಣಿಕತೆಗೆ ಚಪ್ಪಾಳೆ. ಮತ್ತೊಂದು ಶಾಲು.

ಇದು ನನಗೆ ಹಿಡಿಸಿತ್ತು. ಸಂಘಮಿತ್ರಾ ಎರಡನ್ನೂ ಓದಿ ಕೇಳಿದಳು: “ಇದರಾಗ ಸಾಬವ್ವ ಎಲ್ಲಿ ಅದಾಳ್ರಿ?”

ನಾನು ಮೂರನೆಯದನ್ನು ಬರೆಯಲು ಕೂರುವಷ್ಟರಲ್ಲಿ ಅವಳು ದುರ್ಬೀನನ್ನು ಹಳೆಯ ಚಾದರಿನಲ್ಲಿ ಸುತ್ತಿಕೊಂಡು ಇಜೇರಿ ಬಸ್ಸು ಹತ್ತಿಯಾಗಿತ್ತು.

೭

ದೀಪ ಹಚ್ಚುವ ಹೊತ್ತು. ಸಾಬವ್ವ ಅಂಗಳದಲ್ಲಿ ಸುಮ್ಮನೆ ಕೂತಿದ್ದಳು. ಅವಳು ಸುಮ್ಮನೆ ಕೂತದ್ದನ್ನು ಆ ಓಣಿಯಲ್ಲಿ ಮೊದಲು ಯಾರೂ ನೋಡಿರಲಿಲ್ಲವಂತೆ.

“ಆಯಿ, ನಿಮ್ಮ ಕಣ್ಣಿಗಿ ಏನೂ ಆಗಿಲ್ಲ. ಅವತ್ತು ದುರ್ಬೀನಿನ್ಯಾಗ ಶನೀನೇ ಇರಲಿಲ್ಲ. ತಪ್ಪು ನಂದು.”

“ಮತ್ತ ಅಷ್ಟು ಮಂದಿ ಚಂದ ಅದ ಅಂದ್ರಲ್ಲ ಬೇ?”

“ನನ್ನ ಮಾರಿ ನೋಡಿ ಅಂದ್ರು.”

“ಹಂಗಂದ್ರ ಖರೇನೇ ಅಂದಾರ. ಶಾಲು ಹೊಚ್ಕೊಂಡು ಚಂದ ಕಾಣ್ತಿದ್ದಿ.” ಸಾಬವ್ವ ನಗಲಿಲ್ಲ. “ನಾ ಇಪ್ಪತ್ತು ದಿನ ಕುರುಡಿ ಆಗಿ ಕುಂತೇನಲ್ಲ, ಅದಕ್ಕೇನು ಮಾಡ್ತಿ?”

ಸಂಘಮಿತ್ರಾ ಚಾದರು ಬಿಚ್ಚಿದಳು. ದುರ್ಬೀನು ನಿಲ್ಲಿಸಿ, ಶನಿಯನ್ನು ನಟ್ಟನಡುವೆ ಹಿಡಿದು, ಪಕ್ಕಕ್ಕೆ ಸರಿದಳು. ಸಾಬವ್ವ ಬಗ್ಗಿ ಕಣ್ಣಿಟ್ಟಳು.

ಇಲ್ಲಿ ನಾನು ಬರೆದದ್ದು: “ಮಣಿಗಿ ಸೂಜಿ ಪೋಣಿಸಿದಂಗ ಅದ ಬೇ.” ಕೌದಿ ಹೊಲಿಯುವ ಕೈ, ಸೂಜಿಯಂಥ ಬಳೆ, ಎಲ್ಲ ಕೂಡಿ ಬಂದಿತ್ತು. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

“ಆಕಿ ಹಂಗ ಅನ್ನಲೇ ಇಲ್ಲ. ಅದು ನಿಮ್ಮ ಮಾತು,” ಎಂದಳು ಸಂಘಮಿತ್ರಾ. “ಸ್ವಂತ ಮಾತು ಅಂತ ರೂಲ್ ಅದ. ಹೊಡೀರಿ ಅದನ್ನ.”

ಹೊಡೆದೆ. ಸಾಬವ್ವ ಅಂದದ್ದು ಇದು:

“ಹೊಂಟದಲ್ಲ ಬೇ, ಇದು.”

“ಏನ್ರಿ ಆಯಿ?”

“ಸರಕೋತ ಸರಕೋತ ಹೊಂಟದ. ಕಡೀಗಿ ಬಂತು ನೋಡು. ಅರ್ಧ ಅದ…” ಕಣ್ಣು ತೆಗೆಯದೆಯೇ ಅವಳು ಕೈ ಎತ್ತಿ ತಡೆದಳು, ಯಾರೂ ದುರ್ಬೀನು ಮುಟ್ಟಬಾರದು ಎನ್ನುವಂತೆ. “ಹೋತು. ಈಗ ಏನೂ ಇಲ್ಲ, ಕರ್ರಗ ಅದ.”

ಅದೇ ಮಾತು, ಅದೇ ದನಿ. ಎರಡು ನಿಮಿಷವೂ ಆಗಿರಲಿಲ್ಲ.

ಸಂಘಮಿತ್ರಾ ಅಂಗಳದ ಬಲ್ಬಿನ ಕೆಳಗೆ ರಿಜಿಸ್ಟರ್ ಬಿಚ್ಚಿ, ಸ್ಕೇಲಿಟ್ಟು, ಬಳಗದ ನಿಯಮದಲ್ಲಿ ಇಲ್ಲದ ಒಂದು ಕಾಲಂ ಎಳೆದಳು: ‘ಕಾಣಲಿಲ್ಲ ಎಂದವರು.’ ಅದರಲ್ಲಿ ಸಾಬವ್ವನ ಹೆಸರನ್ನು ಇಪ್ಪತ್ತು ದಿನದ ಹಿಂದಿನ ತಾರೀಖಿಗೆ ಬರೆದಳು. ಕಂಡವರ ಕಾಲಮಿನಲ್ಲೂ ಬರೆದಳು, ಇವತ್ತಿನ ತಾರೀಖಿಗೆ.

ಬಸ್ಸಿಗೆ ಹೊತ್ತಾಗುತ್ತಿತ್ತು. ಅವಳು ದುರ್ಬೀನು ಸುತ್ತಿಕೊಂಡು ಎದ್ದಾಗ ಸಾಬವ್ವ, “ಹೊಂಟೇನು? ಹೋಗೂ ಮುಂದ ಆ ಅಟ್ಟದ ಮ್ಯಾಲಿನ ಟ್ರಂಕು ಇಳಸಿ ಹೋಗು. ಕೌದಿ ಅದರಾಗ ಹಾಕೇನಿ,” ಎಂದಳು.

ಇಳಿಸಿಕೊಟ್ಟಳು. ಭಾರವಿತ್ತು. ಸಾಬವ್ವ ಅದನ್ನು ತೆರೆದಳೋ ಇಲ್ಲವೋ ಸಂಘಮಿತ್ರಾ ನೋಡಿಲ್ಲ. ಅವಳು ನೋಡದ್ದನ್ನು ಬರೆಯಲು ನನಗೂ ಅನುಮತಿಯಿಲ್ಲ.

೮

ಭಾನುವಾರ ಇನ್ನೂ ಬಂದಿಲ್ಲ. ಆ ನಲವತ್ತೊಂದು ಹೆಸರುಗಳ ಮೇಲೆ ಕೆಂಪು ಗೆರೆಯೂ ಬಿದ್ದಿಲ್ಲ; ತನಗಾಗಿ ಸುಳ್ಳು ಹೇಳಿದವರನ್ನು ಯಾವ ಕಾಲಮಿಗೆ ಸೇರಿಸಬೇಕೆಂದು ಅವಳಿಗೆ ತಿಳಿದಿಲ್ಲ. ಗಡಿಯಾರ ರಿಪೇರಿಯ ಭೂತಕನ್ನಡಿಯಲ್ಲಿ ಗೌಸಮೊಹಿದ್ದೀನ ಆ ಹೊಸ ಕಾಲಮನ್ನು ನೋಡಿ ಏನೆನ್ನುತ್ತಾರೋ ನನಗೂ ತಿಳಿದಿಲ್ಲ. ಇದು ಜಾಣತನವಲ್ಲ, ನಿಜಕ್ಕೂ ತಿಳಿದಿಲ್ಲ.

ಈಗ ನಿಮ್ಮ ಸರದಿ. ‘ಚೆನ್ನಾಗಿದೆ’ ಎಂದು ಬರೆಯಬೇಡಿ. ನನಗಿಲ್ಲಿ ಯಾರೂ ಶಾಲು ಹೊದಿಸಿಲ್ಲ. ಏನು ಕಂಡಿತು, ಸ್ವಂತ ಮಾತಿನಲ್ಲಿ. ಕಾಣದಿದ್ದರೆ ಅದಕ್ಕೂ ಕಾಲಂ ಇದೆ, ಅದರ ಮೊದಲ ಸಾಲಿನಲ್ಲೊಂದು ಒಳ್ಳೆಯ ಹೆಸರೂ ಇದೆ.

ಬೇಗ ನೋಡಿ. ಹೊಂಟದ.