ಸಂಜೆ ನಗೋದಿದೆ

ನನ್ನ ಸೋದರತ್ತೆ ನಗುವುದಕ್ಕೆ ಮುಂಚೆ ಸಿದ್ಧತೆ ಮಾಡಿಕೊಳ್ಳುತ್ತಿದ್ದರು. ಯಾರಾದರೂ ತಮಾಷೆಯ ಮಾತು ಶುರುಮಾಡಿದ್ದು ಕಿವಿಗೆ ಬಿದ್ದರೆ ಸಾಕು, ಬಲಗೈ ಮೇಲೆತ್ತಿ, "ತಡಿ ತಡಿ, ಈಗ್ಲೇ ಹೇಳ್ಬೇಡ" ಎಂದು ಮಾತನ್ನು ಅಲ್ಲೇ ತಡೆದು, ಪಕ್ಕದಲ್ಲಿದ್ದ ಪುಟ್ಟ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು, ಬೆನ್ನನ್ನು ಕುರ್ಚಿಗೆ ಆನಿಸಿ, "ಹೂಂ, ಈಗ ಹೇಳು" ಎನ್ನುತ್ತಿದ್ದರು. ಅಷ್ಟರಲ್ಲಿ ಹೇಳುವವರ ಉತ್ಸಾಹ ಅರ್ಧ ಇಳಿದಿರುತ್ತಿತ್ತು. ಎಷ್ಟೋ ಸಲ ಆ ಮಾತಿನಲ್ಲಿ ನಗುವಂಥದ್ದೇನೂ ಇರುತ್ತಿರಲಿಲ್ಲ. ಆದರೂ ಅತ್ತೆ ನಗುತ್ತಿದ್ದರು, ಇಷ್ಟೆಲ್ಲ ಏರ್ಪಾಡು ಮಾಡಿಕೊಂಡ ಮೇಲೆ ಸುಮ್ಮನಿದ್ದರೆ ಲುಕ್ಸಾನು ಎಂಬಂತೆ.

ರೈಲು ನಿಲ್ದಾಣದಲ್ಲಿ ಗಾಡಿಗಳ ಆಗಮನ ನಿರ್ಗಮನಗಳನ್ನು ಧ್ವನಿವರ್ಧಕದಲ್ಲಿ ಸಾರುವುದು ಅವರ ಕೆಲಸ. ಗಾಜಿನ ಕಿಟಕಿಯ ಇಕ್ಕಟ್ಟಾದ ಕೋಣೆಯಲ್ಲಿ ಕುಳಿತು ಅವರು ನುಡಿಯುತ್ತಿದ್ದ ಆ ತುಂಬುಕಂಠದ ಪರಿಚಯ ಊರಿಗೆಲ್ಲ ಇತ್ತು, ಮುಖದ ಪರಿಚಯ ಯಾರಿಗೂ ಇರಲಿಲ್ಲ. ನಿಲ್ದಾಣದ ಎದುರಿಗೇ ಮಾವನ ಔಷಧಿ ಅಂಗಡಿ. ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋದ ಮಾವ ಏನೋ ಚಟಾಕಿ ಹಾರಿಸಿದರಂತೆ, ಅತ್ತೆ ಮೈಕು ಆರಿಸುವುದನ್ನು ಮರೆತಿದ್ದರಂತೆ. ಗಾಡಿ ತಡವಾಗಿ ಬರುವುದಕ್ಕೆ ವಿಷಾದಿಸುತ್ತೇವೆ ಎಂಬ ಗಂಭೀರ ವಾಕ್ಯದ ಬೆನ್ನಿಗೇ ಅವರ ನಗು ಪ್ಲಾಟ್‌ಫಾರಂ ತುಂಬ ಉರುಳಿ, ಮುಖ ಗಂಟಿಕ್ಕಿಕೊಂಡು ನಿಂತಿದ್ದ ಪ್ರಯಾಣಿಕರೂ ಯಾಕೆಂದು ತಿಳಿಯದೆ ನಕ್ಕರಂತೆ. ಗದರಲು ಕರೆದ ಸ್ಟೇಷನ್ ಮಾಸ್ಟರ್ ತಾವೇ ನಕ್ಕುಬಿಟ್ಟರೆಂದು ಮಾವ ಹೇಳುತ್ತಿದ್ದರು. ಚೆನ್ನಾಗಿಯೇ ಬೈದರೆಂದು ಅತ್ತೆ.

ಆಮೇಲೆ, ನನ್ನ ಮದುವೆಯಾದ ವರ್ಷ, ಅವರ ಕರುಳಿನಲ್ಲಿ ಅಡಚಣೆಯಾಗಿ ಒಂದಿಷ್ಟು ಭಾಗವನ್ನು ಕತ್ತರಿಸಿ ತೆಗೆಯಬೇಕಾಯಿತು. ಗಾಯ ಮಾಯಿತು, ನೋವು ಮಾತ್ರ ಹೋಗಲಿಲ್ಲ. ಒಳಗಿನ ಕಲೆಗಳು ಕರುಳನ್ನು ಹಿಡಿದೆಳೆಯುತ್ತಿರಬಹುದು, ಮತ್ತೆ ಕೊಯ್ದರೆ ಇನ್ನಷ್ಟು ಅಂಟಿಕೊಳ್ಳಬಹುದು, ಆದ್ದರಿಂದ ಅದರೊಂದಿಗೇ ಬಾಳುವುದನ್ನು ಕಲಿಯಬೇಕು ಎಂದರು ಡಾಕ್ಟರು. ಮನೆಗೆ ಬಂದವರೇ ಅತ್ತೆ, ಮಾವನ ಕಡೆ ತಿರುಗಿ, "ರೀ, ನಮ್ಮ ಜೊತೆ ಬಾಳೋಕೆ ಇನ್ನೊಬ್ರು ಬಂದಿದಾರೆ, ಸ್ವಲ್ಪ ಸರ್ಕೊಳ್ಳಿ" ಎಂದರು. ಸೊಂಟಕ್ಕೆ ಬಿಗಿಯುವ ಯಾವ ಉಡುಪೂ ಸಹಿಸದಾಗಿ ನಿಲುವಂಗಿಯ ಮೇಲೆ ಮಾವನ ಹಳೆಯ ಉಣ್ಣೆಕೋಟು ಹಾಕಿಕೊಂಡು, ಯಾವುದೋ ಅದೃಶ್ಯ ಶಿಶುವನ್ನು ಎತ್ತಿಕೊಂಡವರಂತೆ ಎಡಗೈಯನ್ನು ಹೊಟ್ಟೆಗೆ ಅಡ್ಡ ಇಟ್ಟು, ತುಸು ಬಲಕ್ಕೆ ವಾಲಿ ಅವರು ನಡೆಯುತ್ತಿದ್ದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನಾನು ಎರಡು ಬೀದಿ ಆಚೆಗಿದ್ದೆ. ಮುಂದೆ ಮಗಳು ಹುಟ್ಟಿದಳು; ಅವಳು ಸೀನಿದರೆ ಜ್ವರಮಾಪಕ ಹುಡುಕುವ ಸ್ವಭಾವ ನನ್ನದು. ಬೆಳಗಾದರೆ ಅತ್ತೆಗೂ ಫೋನು. "ನೋವು ಹೇಗಿದೆ ಅತ್ತೆ?" ಎಂದರೆ, "ಮಲಗಿತ್ತು ಕಣೇ, ನೀನು ಕರೆದು ಎಬ್ಬಿಸ್ದೆ" ಎನ್ನುವರು.

ಒಂದು ಸಂಜೆ ಮಾವನ ಯಾವುದೋ ಮಾತಿಗೆ ನಗುತ್ತ ನಗುತ್ತಲೇ ಅತ್ತೆ ಮುದುಡಿ ಕುಸಿದರು. ಮುಖ ಬಿಳುಪೇರಿತು, ಹಣೆಯಲ್ಲಿ ಬೆವರೊಡೆಯಿತು. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷಿಸಿ ಹೊಸ ತೊಂದರೆ ಏನಿಲ್ಲವೆಂದರು. ಆದರೆ ಅಂದಿನಿಂದ ಮಾವ ತಮಾಷೆ ಮಾಡುವುದನ್ನೇ ಬಿಟ್ಟರು. ನಾನೂ ಮಗಳನ್ನು ಅಲ್ಲಿಗೆ ಕರೆದೊಯ್ಯುವುದನ್ನು ನಿಲ್ಲಿಸಿದೆ. ಮಾವನ ಕನ್ನಡಕವನ್ನು ತಲೆಕೆಳಗಾಗಿ ಏರಿಸಿಕೊಂಡು ಚಮಚದ ಮೈಕಿನಲ್ಲಿ ಗಾಡಿಗಳನ್ನು ಕೂಗುವ ಆ ಕೂಸಿಗಿಂತ ಅಪಾಯದ ಪ್ರಾಣಿ ಅತ್ತೆಯ ಪಾಲಿಗೆ ಬೇರೊಂದಿರಲಿಲ್ಲ. ಮನೆ ಮೌನವಾಯಿತು. ನೋವಂತೂ ಕಡಿಮೆಯಾಗಲಿಲ್ಲ. ಅತ್ತೆ ಸಂಜೆಯ ಅಡ್ಡಾಟ ಬಿಟ್ಟರು, ರಜೆಯ ಮೇಲೆ ರಜೆ ಹಾಕಿದರು, ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದರು. ಕೆಲಸ ಬಿಡುವ ಮಾತೂ ಬಂತು.

ಹೀಗಿರುವಾಗ ಒಂದು ಬೆಳಿಗ್ಗೆ ಕೋಟು ಹಾಕಿಕೊಂಡು, ಮೆಟ್ಟಿಲಿಗೊಮ್ಮೆ ನಿಂತು ಉಸಿರೆಳೆಯುತ್ತ, ನಮ್ಮ ಮನೆ ಬಾಗಿಲಿಗೇ ಬಂದುಬಿಟ್ಟರು.

"ಮಗು ಎಲ್ಲೇ?"

"ಮಲಗಿದಾಳೆ ಅತ್ತೆ."

ಒಳಗಿನಿಂದ ಚಮಚ ತಟ್ಟೆಗೆ ಬಡಿಯುವ ಸದ್ದು ಕೇಳಿತು.

"ಪರವಾಗಿಲ್ಲ, ನಿದ್ದೇಲೂ ಚೆನ್ನಾಗಿ ಊಟ ಮಾಡ್ತಾಳೆ" ಎಂದು ಕುರ್ಚಿ ಎಳೆದು ಕುಳಿತರು. "ನೋಡು, ನಿಮ್ಮ ಮಾವ ಈಗ ನನ್ನನ್ನ ಅಂಗಡಿಗೆ ಬಂದ ಗಿರಾಕಿ ಥರ ಮಾತಾಡಿಸ್ತಾರೆ. ಊಟಕ್ಕೆ ಮುಂಚೆ, ಊಟ ಆದ್ಮೇಲೆ, ಇಷ್ಟೇ. ನೀನೋ, ಮಗೂನ ಬಚ್ಚಿಡ್ತೀಯ. ನಗದೇ ಇದ್ರೂ ನೋಯತ್ತೆ ಕಣೇ. ಹೆಂಗಿದ್ರೂ ನೋಯೋದೇ ಆದ್ರೆ ನಕ್ಕೇ ನೋಯ್ಲಿ."

"ಆವತ್ತು ನಿಮಗೇನಾದ್ರೂ ಆಗಿದ್ರೆ?"

"ಡಾಕ್ಟರ್ ಹತ್ರ ಕೇಳ್ಕೊಂಡೇ ಬಂದಿದೀನಿ. ವಾಂತಿ ಆದ್ರೆ ಓಡಿ ಬನ್ನಿ, ಹೊಟ್ಟೆ ಉಬ್ಬಿದ್ರೆ ಓಡಿ ಬನ್ನಿ ಅಂದ್ರು. ನಕ್ಕರೆ ಬನ್ನಿ ಅನ್ಲಿಲ್ಲ."

ಅಷ್ಟರಲ್ಲಿ ಮಗಳು ಚಮಚ ಹಿಡಿದು ಓಡಿಬಂದವಳು ಅತ್ತೆಯನ್ನು ಕಂಡದ್ದೇ ತಡ, ನಡುಮನೆಯಲ್ಲಿ ನಿಂತು ತನಗಷ್ಟೇ ಅರ್ಥವಾಗುವ ಭಾಷೆಯಲ್ಲಿ ಯಾವುದೋ ಗಾಡಿಯ ಆಗಮನವನ್ನು ಘನಗಂಭೀರವಾಗಿ ಸಾರಿದಳು. ಅತ್ತೆ ಗಡಿಬಿಡಿಯಿಂದ ಕೋಟಿನ ಅಂಚನ್ನೇ ಮಡಿಸಿ ಹೊಟ್ಟೆಗೆ ಒತ್ತಿಕೊಂಡರು; ನಕ್ಕರು; ನಗುವಿನ ನಡುವೆ ನೋವಿಗೆ ಮುಖ ಕಿವುಚಿದರು, ಮತ್ತೆ ನಕ್ಕರು. ಕಣ್ಣಲ್ಲಿ ನೀರು ಬಂತು, ಯಾವುದರದೆಂದು ತಿಳಿಯದು. ನಾನು ಅರ್ಧ ಚಾಚಿದ ಕೈಯನ್ನು ಹಾಗೇ ಇಟ್ಟುಕೊಂಡು ಗೋಡೆಗೊರಗಿ ನಿಂತಿದ್ದೆ. ಕೊನೆಗೆ ಆಸ್ಪತ್ರೆಯ ದಾದಿ ಕಲಿಸಿದ ಹಾಗೆ ನಿಧಾನವಾಗಿ ಉಸಿರು ಬಿಡುತ್ತ ನೆಟ್ಟಗಾದವರು, "ಗಾಡಿ ಸರಿಯಾದ ವೇಳೆಗೆ ಬಂತು" ಎಂದರು.

ಮುಂದೆ ಮಾವನ ಬಾಯಿಯ ಬೀಗವನ್ನೂ ತೆಗೆಸಿದರು. ಇರುವ ತ್ರಾಣವನ್ನು ಒಂದೇ ಏಟಿಗೆ ಖಾಲಿ ಮಾಡಬಾರದು, ಸ್ವಲ್ಪ ಕೆಲಸ, ಸ್ವಲ್ಪ ವಿಶ್ರಾಂತಿ, ಸ್ವಲ್ಪ ನಡಿಗೆ ಎಂದು ಅದೇ ದಾದಿ ಹೇಳಿಕೊಟ್ಟದ್ದನ್ನು ಅತ್ತೆ ಪಾಲಿಸತೊಡಗಿದ್ದು ಆಗಲೇ. ಇಸ್ತ್ರಿ ಮಾವನಿಗೆ ಹೋಯಿತು, ಸಾಮಾನು ತರುವುದು ನನಗೆ. ಕಿಟಕಿಗಳ ಧೂಳು ಯಾರಿಗೂ ಹೋಗದೆ ಅಲ್ಲೇ ಉಳಿಯಿತು. ಕೆಲಸಕ್ಕೆ ಮರಳಿದರು, ಅರ್ಧ ದಿನ ಮಾತ್ರ. ಮಧ್ಯಾಹ್ನ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗುವಾಗ, "ಸಂಜೆ ನಗೋದಿದೆ, ಎಬ್ಬಿಸ್ಬೇಡಿ" ಎನ್ನುವರು. ಕೆಲವು ದಿನ ನೋವು ಹೆಚ್ಚಾಗಿ ಬಾಗಿಲಿನಿಂದಲೇ, "ಇವತ್ತು ಆಗಲ್ಲ ಕಣೇ, ಹೋಗ್ಬನ್ನಿ" ಎಂದು ನಮ್ಮನ್ನು ಹಿಂದಕ್ಕೆ ಕಳಿಸುತ್ತಿದ್ದರು. ಆ ದಿನಗಳನ್ನು ಅವರು ಸಿಂಗರಿಸಿ ತೋರಿಸಿದವರಲ್ಲ.

ಈಗ ನಾವು ಆ ಊರು ಬಿಟ್ಟು ದೂರ ಬಂದಿದ್ದೇವೆ. ಇಲ್ಲಿಯ ನಿಲ್ದಾಣದಲ್ಲಿ ಯಂತ್ರ ಮಾತಾಡುತ್ತದೆ, ತಪ್ಪಿಯೂ ನಗುವುದಿಲ್ಲ. ಮಗಳ ಕೈ ಬಿಗಿಯಾಗಿ ಹಿಡಿದು, ಹಳದಿ ಗೆರೆಯಿಂದ ಹಿಂದೆ, ಇನ್ನೂ ಹಿಂದೆ ಎಂದು ಎಳೆಯುತ್ತ ನಿಂತಾಗ ಅತ್ತೆಯ ನೆನಪಾಗುತ್ತದೆ. ನೋವಿಲ್ಲದ ನಾವು ಮೈಯನ್ನು ಕಾಪಾಡಿಕೊಳ್ಳುವುದರಲ್ಲೇ ದಿನ ದೂಡುತ್ತೇವೆ. ಕಾಪಾಡಿಕೊಂಡದ್ದು ಏತಕ್ಕೆಂದು ಕೇಳಿಕೊಳ್ಳುವುದೇ ಇಲ್ಲ. ಅತ್ತೆಯಂಥವರಿಗಾದರೋ ಆ ಪ್ರಶ್ನೆ ಬೆಳಗಾದರೆ ಎದುರಿಗೆ ನಿಂತಿರುತ್ತದೆ. ಇದ್ದಷ್ಟು ತ್ರಾಣದಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂದು ದಿನದಿನವೂ ಆರಿಸುತ್ತ ಆರಿಸುತ್ತ ಅವರ ಬದುಕು ಕಿರಿದಾಗುವುದು ನಿಜ. ಆದರೆ ಆ ಕಿರಿದಾದ ಬದುಕಿನೊಳಗೆ, ಬೇಡವಾದದ್ದು ಎಂಬುದು ಒಂದೂ ಉಳಿದಿರುವುದಿಲ್ಲ.