ಚಿಲುಮೆ ಸೋಡಾದ ಕೈ

ನಮ್ಮಪ್ಪ ನರಸಯ್ಯ ಗೋಡೆ ಪೇಂಟರು. ಪಾಂಡವಪುರದಿಂದ ನಾಗಮಂಗಲದವರೆಗೆ ಚಿಲುಮೆ ಸೋಡಾದ ಜಾಹೀರಾತುಗಳನ್ನೆಲ್ಲ ಬರೆದವನು ಅವನೇ. ಒಂದು ಗೋಲಿ ಸೋಡಾ ಬಾಟಲಿ, ಅದನ್ನು ಹಿಡಿದ ಹೆಂಗಸಿನ ಬಲಗೈ, ಕೈತುಂಬ ಹಸಿರು ಬಳೆ. ಮದುವೆಯಾದ ಹೊಸದರಲ್ಲಿ ಆ ಕೈಗೆ ಮಾದರಿ ನಮ್ಮವ್ವ ಮಂಚಮ್ಮ. ಅಲ್ಲಾಡಬೇಡ ಎಂದು ಗದರುತ್ತ ಗಂಟೆಗಟ್ಟಲೆ ಕೂರಿಸುತ್ತಿದ್ದನಂತೆ.

ಎಂಬತ್ತನಾಲ್ಕರಲ್ಲಿ, ನಾನು ಎಂಟು ತಿಂಗಳ ಕೂಸಾಗಿದ್ದಾಗ, ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಅವ್ವನ ಬಲಗೈಯ ನಾಲ್ಕು ಬೆರಳು ಹೋದವು. ಉಳಿದದ್ದು ಹೆಬ್ಬೆರಳೊಂದೇ. ಅಪ್ಪ ಸೋಡಾ ಬರೆಯುವುದನ್ನು ಬಿಡಲಿಲ್ಲ. ಹಾಗಾದರೆ ಆಮೇಲಿನ ಕೈ ಯಾರದು? ಹೊಸಹೊಳಲಿನ ಯಾವಳನ್ನೋ ಕೂರಿಸಿಕೊಂಡು ಬರೀತಾನೆ ಎಂದು ಪುಣ್ಯಾತ್ಮರು ಯಾರೋ ಅವ್ವನ ಕಿವಿಗೆ ಹಾಕಿದರು. ಅವ್ವ ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಒಂದೇ ಸೂರಿನಡಿ ನಲವತ್ತು ವರ್ಷ ಚೆನ್ನಾಗಿಯೇ ಬಾಳಿದರು. ಚಿಲುಮೆ ಸೋಡಾದ ಗೋಡೆ ಬಂದರೆ ಮಾತ್ರ ಅವ್ವ ಬಸ್ಸಿನಲ್ಲಿ ಮುಖ ತಿರುಗಿಸಿಕೊಂಡು ಕೂರುತ್ತಿದ್ದಳು.

ಅಪ್ಪ ಹೋಗಿ ವರ್ಷವಾಯಿತು. ತಿಥಿ ಮುಗಿದ ಮಾರನೆಯ ದಿನ ಅವ್ವ ಅಂದಳು, “ಯಶೋಧ, ಆ ಕೈ ಯಾರ್ದು ಅಂತ ಒಂದ್ಸಲ ನೋಡ್ಬೇಕು ಕಣವ್ವ.”

ನನಗೆ ರೇಗಿಹೋಯಿತು. “ಅಪ್ಪ ಇದ್ದಾಗ ಮೂತಿ ತಿರುಗಿಸ್ಕಂಡಿದ್ದು, ಈಗ ಇಚಾರಣೆ ಮಾಡೀಯಾ?”

“ಇದ್ದಾಗ ಕೇಳಕ್ಕೆ ಭಯ ಆಯ್ತಿತ್ತು. ಊಂ ಅಂದ್ಬುಟ್ಟಿದ್ರೆ?”

ಭಾನುವಾರ ಸ್ಕೂಟರ್ ತೆಗೆದೆ.

ಕಿಕ್ಕೇರಿಯ ಗೋಡೆಯ ಮೇಲೆ ಸಿಮೆಂಟ್ ಕಂಪನಿಯವರು ತಮ್ಮ ಜಾಹೀರಾತು ಬಳಿದುಬಿಟ್ಟಿದ್ದರು. ಹೊಣಕೆರೆಯಲ್ಲಿ ಕಟ್ಟಡವೇ ಇರಲಿಲ್ಲ, ಮೊಬೈಲ್ ಅಂಗಡಿ ಎದ್ದಿತ್ತು. ನಾಗಮಂಗಲದಲ್ಲಿ ಬಾಟಲಿಯ ಕುತ್ತಿಗೆ ಸಿಕ್ಕಿತು. ಕೈ ಇದ್ದ ಜಾಗದಲ್ಲಿ ಯಾರೋ ಗೋಡೆ ಒಡೆಸಿ ಕಿಟಕಿ ಇಡಿಸಿದ್ದರು. ಮೂರು ಭಾನುವಾರ ಹೀಗೇ ಹೋಯಿತು. “ಬುಡು, ಸಿಕ್ಕದೆ ಇದ್ರೇ ವಾಸಿ” ಎಂದು ಅವ್ವನೇ ಅನ್ನುತ್ತಿದ್ದಳು, ಸ್ಕೂಟರಿನಿಂದ ನನಗಿಂತ ಮೊದಲು ಇಳಿಯುತ್ತಿದ್ದವಳೂ ಅವಳೇ.

ಬೇಕೆಂದೇ ಅವಳು ಹೊಸಹೊಳಲನ್ನು ಕೊನೆಗೆ ಉಳಿಸಿಕೊಂಡಿದ್ದಳು. ಅಲ್ಲಿ ಚಿಕ್ಕಸಿದ್ದಯ್ಯನವರ ಹಳೇ ಅಕ್ಕಿ ಗಿರಣಿ. ಅದಕ್ಕೆ ಅಂಟಿಕೊಂಡು ಕಟ್ಟಿದ್ದ ಮನೆಯನ್ನು ಹೋದ ತಿಂಗಳು ಕೆಡವಿದ್ದರಿಂದ, ಮರೆಯಾಗಿದ್ದ ಗೋಡೆ ಬಯಲಿಗೆ ಬಂದಿತ್ತು. ಬಣ್ಣ ಮಾಸಿತ್ತು, ಆದರೆ ಕೈ ಇತ್ತು. ಐದೂ ಬೆರಳು, ಹಸಿರು ಬಳೆ. ಮೂಲೆಯಲ್ಲಿ ಪೇಂಟರುಗಳ ಪದ್ಧತಿಯಂತೆ ಹೆಸರು, ಇಸವಿ: ನರಸಯ್ಯ, ೧೯೮೯.

ಬೆರಳು ಹೋಗಿ ಐದು ವರ್ಷವಾದ ಮೇಲಿನದು. ಅವ್ವನ ಮುಖ ನೋಡಲು ಧೈರ್ಯ ಬರಲಿಲ್ಲ.

ಎಂಬತ್ತು ದಾಟಿದ ಚಿಕ್ಕಸಿದ್ದಯ್ಯನವರು ಕೋಲೂರಿಕೊಂಡು ಬಂದರು. “ನರಸಯ್ಯನ ಕಡೆಯವ್ರಾ? ಈ ಗ್ವಾಡೆ ಮುಂದೆ ಎಂಥಾ ಜಗಳ ಆಯ್ತು ಗೊತ್ತಾ! ಸೋಡಾ ಸಾವ್ಕಾರ ಬಂದು, ‘ಬಳೆ ಕೆಳ್ಗಿರೋ ಚೇಳು ಅಳಿಸ್ಲಾ, ಚೇಳ್ ನೋಡ್ಕಂಡು ಯಾವನ್ಲಾ ಸೋಡಾ ಕುಡಿದಾನು’ ಅಂತ ಕೂಗಾಡ್ದ. ಇವ್ನು ಬ್ರಶ್ಶು ಕೆಳಗಾಕಿ, ‘ಬೇರೆ ಯಾರ್ ಕೈಲಾರ ಬರ್ಸ್ಕಳಿ, ಅದ್ನ ಮಾತ್ರ ಅಳ್ಸಕಿಲ್ಲ’ ಅಂದ್ಬುಟ್ಟ.”

“ಯಾರ್ನ ಕೂರಿಸ್ಕಂಡು ಬರ್ದ್ರು ಅಜ್ಜ?” ಎಂದು ನಾನೇ ಕೇಳಿದೆ.

“ಯಾರೂ ಇರ್ನಿಲ್ಲ ಕಣವ್ವ. ಒಸಿ ಒತ್ತು ಕಣ್ಮುಚ್ಕಂಡು ನಿಂತ್ಕಳೋನು, ಆಮೇಕೆ ಬರೆಯೋನು.”

ಇಟ್ಟಿಗೆ ರಾಶಿ ದಾಟಿ ಗೋಡೆಯ ಹತ್ತಿರ ಹೋದೆ. ಬಳೆಗಳ ಕೆಳಗೆ, ಮಣಿಕಟ್ಟಿನ ಮೇಲೆ, ಹಚ್ಚೆಯ ಹಸಿರಿನಲ್ಲಿ ಒಂದು ಚೇಳು. ಅದಕ್ಕೆ ಕೊಂಡಿಯೇ ಇಲ್ಲ. ಅವ್ವನ ಮಣಿಕಟ್ಟಿನಲ್ಲಿರುವುದೂ ಅದೇ ಚೇಳು. ಹಚ್ಚೆ ಹುಯ್ಯುವವಳ ಸೂಜಿಗೆ ಹೆದರಿ, ಹತ್ತು ವರ್ಷದ ಮಂಚಮ್ಮ ಅರ್ಧಕ್ಕೇ ಕೈ ಕಿತ್ತುಕೊಂಡು ಓಡಿಹೋಗಿದ್ದಳಂತೆ. ಇಡೀ ಮಂಡ್ಯ ಜಿಲ್ಲೆಯಲ್ಲಿ ಅಂಥ ಮೊಂಡು ಚೇಳು ಇನ್ನೊಂದಿರಲಾರದು.

ಅವ್ವ ನನ್ನ ಹಿಂದೆಯೇ ಬಂದು ನೋಡಿದಳು. ತನ್ನ ಮೊಂಡುಗೈಯನ್ನು ಆ ಕೈಯ ಪಕ್ಕದಲ್ಲಿ ಇಟ್ಟಳು. ನೀಳ ಬೆರಳು, ಚೂಪು ಉಗುರು. ನಮ್ಮವ್ವನ ಕೈ ಅಷ್ಟು ಚೆಂದವಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

“ಬಾಯ್ಬುಟ್ಟು ಏಳ್ಬಾರ್ದಾಗಿತ್ತಾ ಮಾರಾಯ?” ಎಂದು ಅವಳು ಗೋಡೆಗೆ ಮೆತ್ತಗೆ ಗುದ್ದಿದಳು. “ಇಷ್ಟ್ ವರ್ಸ ಅನುಮಾನ ಮಡಿಕಂಡೇ ಮುದ್ದೆ ಇಕ್ಕಿದ್ನಲ್ಲ ನಿಂಗೆ!”

ಅವ್ವ ನನ್ನ ಕಡೆ ತಿರುಗಿದಳು.

“ಬೆರಳು ಹೋದ್ಮೇಲೆ ನಿಮ್ಮಪ್ಪ ನನ್ ಬಲಗೈ ಕಡೆ ನೋಡ್ತಿರ್ನಿಲ್ಲ ಅನ್ಕಂಡಿದ್ದೆ. ಕಣ್ಮುಚ್ಕಂಡು ನೋಡ್ತಿದ್ದ ಕಣವ್ವ.”

ಇಟ್ಟಿಗೆಯ ಮೇಲೆ ಗೋಡೆಗೆ ಒರಗಿ ಕೂತಳು. ಬಿಸಿಲು ಇಳಿಯುವವರೆಗೆ ಅವಳು ಏಳಲಿಲ್ಲ, ನಾನೂ ಏಳು ಅನ್ನಲಿಲ್ಲ.